ಎರಡನೇ ಹಾಳೆ

ಅವರು ಕಣ್ಣು ಮುಚ್ಚಿಕೊಂಡರೆ ಕೇಳುತ್ತಿದ್ದಾರೆ ಎಂದು ಅರ್ಥ. ಕಣ್ಣು ತೆರೆದುಕೊಂಡು ತಲೆಯಾಡಿಸುತ್ತಿದ್ದರೆ ಸುಮ್ಮನೆ ಮರ್ಯಾದೆಗೆ ಕೂತಿದ್ದಾರೆ ಎಂದು ಅರ್ಥ. ಇಷ್ಟು ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು. ಅಲ್ಲಿಯವರೆಗೆ, ನಾನು ಲೆಟರ್ ಓದಿ ಹೇಳುವಾಗಲೆಲ್ಲ ಈ ಮನುಷ್ಯ ತೂಕಡಿಸುತ್ತಾನೆ ಎಂದುಕೊಂಡು ಒಳಗೊಳಗೇ ಕುದಿಯುತ್ತಿದ್ದೆ. ಕಾನ್ವೆಂಟಿನಲ್ಲಿ ಓದಿದವಳಲ್ಲವೇ, ಎದುರಿಗೆ ಕೂತವರು ಮುಖ ನೋಡಿಕೊಂಡು ಕೇಳಬೇಕು ಎಂಬ ಮ್ಯಾನರ್ಸ್ ತಲೆಗೆ ಹತ್ತಿತ್ತು.

ಕಳೆದ ತಿಂಗಳು ಅವರು ತೀರಿಕೊಂಡರು. ತಳಿ ಎಂಬ ಪೇಟೆಯ ಹತ್ತಿರದ ಹಳ್ಳಿಯಿಂದ ಅವರ ಹೆಂಡತಿ ಫೋನ್ ಮಾಡಿದ್ದರು. ಬೆಳಿಗ್ಗೆ ಬೀನ್ಸ್ ಬಿಡಿಸಿ ಬಂದು, ಕೈಕಾಲು ತೊಳೆದು, ಜಗಲಿಯ ಮೇಲೆ ಕೂತವರು ಹಾಗೇ ಗೋಡೆಗೆ ಒರಗಿದರಂತೆ. "ಕಣ್ಮುಚ್ಕೊಂಡಿದ್ರು ಮೇಡಮ್ಮೋರೆ. ಏನೋ ಕೇಳಿಸ್ಕೊತಾವ್ರೆ ಅಂದ್ಕೊಂಡು ನಾನೂ ಸುಮ್ಕಿದ್ದೆ," ಎಂದರು ಆಕೆ. ಫೋನ್ ಇಟ್ಟ ಮೇಲೆ ಅವಲಪಲ್ಲಿಯ ನನ್ನ ಮನೆಯ ಮುಂದಿನ ಕೋಣೆಯಲ್ಲಿ ನಾನೂ ಹಾಗೇ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂತೆ. ಪಕ್ಕದ ರಸ್ತೆಯಲ್ಲಿ ಒಂದು ಸ್ಕೂಟರ್ ಹೋಯಿತು. ಪೆಟ್ರೋಲಿನದು. ಅಷ್ಟು ಮಟ್ಟಿಗೆ ನನ್ನ ಕಿವಿಯನ್ನೂ ಅವರು ತಿದ್ದಿಟ್ಟು ಹೋಗಿದ್ದರು.

ಅವರಿಗೊಂದು ಹೆಸರಿತ್ತು. ಅಟೆಂಡೆನ್ಸ್ ರಿಜಿಸ್ಟರಿನಲ್ಲಿ ತಿಂಗಳಿಗೊಮ್ಮೆ ನಾನೇ ಬರೆಯುತ್ತಿದ್ದೆ. ಆದರೆ ಆ ಹೆಸರಿನಿಂದ ಯಾರಾದರೂ ಕರೆದದ್ದನ್ನು ನಾನು ಕೇಳಿಲ್ಲ. ಎಲ್ಲರಿಗೂ ಅವರು ಮೇಸ್ತ್ರಿ. ಇಲ್ಲಿಯೂ ಹಾಗೇ ಇರಲಿ.

ಹೊಸೂರಿನ ಇಂಡಸ್ಟ್ರಿಯಲ್ ಎಸ್ಟೇಟಿನ ಹಿಂದಿನ ಸಾಲಿನಲ್ಲಿ, ಸಿಮೆಂಟ್ ಶೀಟು ಹೊದಿಸಿದ ಉದ್ದನೆಯ ಶೆಡ್ಡಿನಲ್ಲಿ ನಮ್ಮ ವರ್ಕ್‌ಶಾಪು. ಹದಿನೆಂಟು ಜನ ಕೆಲಸದವರು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರು. ಮಾಲೀಕರನ್ನು ಕನ್ನಡದವರೂ ಮುದಲಾಳಿ ಎಂದೇ ಕರೆಯುವುದು ನಮ್ಮ ಕಡೆಯ ರೂಢಿ. ನಾನು ಕೃಷ್ಣಗಿರಿಯ ಸ್ಕೂಲ್ ಕೆಲಸ ಬಿಟ್ಟು, 'ಟೆಂಪರರಿ' ಎಂದುಕೊಂಡು ಇಲ್ಲಿಗೆ ಕರೆಸ್ಪಾಂಡೆನ್ಸ್ ನೋಡಿಕೊಳ್ಳಲು ಸೇರಿದವಳು. ಆ ಟೆಂಪರರಿ ಇಪ್ಪತ್ತೆರಡು ವರ್ಷ ನಡೆಯಿತು.

ನಾವು ಮಾಡುತ್ತಿದ್ದದ್ದು ಸ್ಲೀವ್. ಪೆಟ್ರೋಲ್ ಬೈಕಿನ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತದಲ್ಲ, ಅದು ಓಡಾಡುವ ಕಬ್ಬಿಣದ ಕೊಳವೆ. ಗೇಣಿಗಿಂತ ಚಿಕ್ಕದು, ಕಾಫಿ ಲೋಟದಷ್ಟು ಅಗಲ. ಎರಕ ಹೊಯ್ದ ಕಬ್ಬಿಣ ಹೊರಗಿನಿಂದ ಬರುತ್ತಿತ್ತು. ನಮ್ಮ ಲೇತುಗಳ ಮೇಲೆ ಅದನ್ನು ಕಡೆದು, ಒಳಗೆ ನುಣ್ಣಗೆ ಮಾಡಿ, ಬೈಕು ಮಾಡುವ ದೊಡ್ಡ ಕಂಪನಿಗೆ ಕಳಿಸಬೇಕು. ಕಳಿಸುವ ಮುಂಚೆ ಪ್ರತಿಯೊಂದನ್ನೂ ಮೇಸ್ತ್ರಿ ಕೇಳಬೇಕು.

ಕೇಳುವುದು ಎಂದರೆ ನಿಜವಾಗಿ ಕೇಳುವುದೇ. ಸ್ಲೀವನ್ನು ಎಡಗೈ ತೋರುಬೆರಳಿಗೆ ತೂಗುಹಾಕಿ, ಬಲಗೈಯಲ್ಲಿ ಹಿಡಿದ ಗಿಡ್ಡ ಹಿತ್ತಾಳೆ ಕಡ್ಡಿಯಿಂದ ಮೆತ್ತಗೆ ಒಂದು ಏಟು. ಒಳ್ಳೆಯದಾಗಿದ್ದರೆ ನಾದ ಎಳೆದುಕೊಂಡು ಹೋಗಿ ದೂರದಲ್ಲೆಲ್ಲೋ ಮುಗಿಯುತ್ತದೆ. ಕಣ್ಣಿಗೆ ಕಾಣದ ಬಿರುಕು ಇದ್ದರೆ ಟಪ್ಪೆಂದು ಬೆರಳಿನ ಹತ್ತಿರವೇ ಸಾಯುತ್ತದೆ. ಒಳ್ಳೆಯದಕ್ಕೆ ಕಿವಿಯ ಸಂದಿನಿಂದ ಚಾಕ್‌ಪೀಸ್ ತೆಗೆದು ಒಂದು ಗೆರೆ ಎಳೆದು "ಪಾಸು" ಎನ್ನುವರು. ಬಿರುಕಿನದಕ್ಕೆ ಕೆಂಪು ಪೇಂಟಿನಲ್ಲಿ ಅಡ್ಡಗೆರೆಗಳ ಗುರುತು, ಬಾಯಿಂದ ಮಾತಿಲ್ಲ. ಈ ವಿದ್ಯೆ ಎಲ್ಲಿ ಕಲಿತಿರಿ ಎಂದು ಕೇಳಿದ್ದಕ್ಕೆ, ಅವ್ವನ ಹತ್ತಿರ ಎಂದಿದ್ದರು. ಸಂತೆಯಲ್ಲಿ ಅವ್ವ ಮಡಕೆ ಕೊಳ್ಳುವಾಗ ಬೆರಳ ಗೆಣ್ಣಿನಿಂದ ತಟ್ಟಿ, ಕಣ್ಣು ಮುಚ್ಚಿ ಕೇಳುತ್ತಿದ್ದಳಂತೆ.

ಆ ಕಿವಿಯ ಬಗ್ಗೆ ನಾನು ಸುಮ್ಮನೆ ಹೊಗಳುತ್ತಿಲ್ಲ. ಅದು ಒಮ್ಮೆ ತಪ್ಪಿದ್ದೂ ಉಂಟು. ದೊಡ್ಡ ಕಂಪನಿಯವರು ಬಿರುಕು ಹುಡುಕುವ ಒಂದು ಮೆಷಿನ್ ಕೊಟ್ಟು ಹೋಗಿದ್ದರು. ಮೇಸ್ತ್ರಿ ಪಾಸು ಎಂದ ಒಂದು ಸ್ಲೀವನ್ನು ಅದು ಬೇಡ ಎಂದಿತು. ಕತ್ತರಿಸಿ ನೋಡಿದರೆ ಮೆಷಿನ್ನೇ ಸರಿ. ಅಸಲಿಗೆ ಆ ವಾರ ಮೇಸ್ತ್ರಿಗೆ ವಿಪರೀತ ಶೀತವಾಗಿ ಕಿವಿ ಕಟ್ಟಿತ್ತು. ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಮೂರನೆಯ ದಿನ ತಳಿಯಿಂದ ಬರುವಾಗ ತಮ್ಮ ವೈರ್ ಬ್ಯಾಗಿನಲ್ಲಿ ಸೇವಂತಿಗೆ ಹಾರ ತಂದು ಆ ಮೆಷಿನ್ನಿಗೆ ಹಾಕಿ, "ಇದಕ್ಕೆ ನೆಗಡಿ ಆಗಾಕಿಲ್ಲ ಬುಡಿ," ಎಂದರು. ಅಲ್ಲಿಗೆ ಮುಗಿಯಿತು. ಸೋಲನ್ನು ಇಷ್ಟು ಗ್ರೇಸ್‌ಫುಲ್ ಆಗಿ ಒಪ್ಪಿಕೊಂಡ ಗಂಡಸನ್ನು ನಾನು ಬೇರೆ ನೋಡಿಲ್ಲ.

ಅವರಿಗೆ ಮೂರು ಭಾಷೆ. ಕೆಲಸ ಹೇಳುವುದು ತಮಿಳಿನಲ್ಲಿ, ಮುದಲಾಳಿಯ ಹತ್ತಿರ ವಾದ ಮಾಡುವುದು ತೆಲುಗಿನಲ್ಲಿ, ಬೈಯುವುದು ಮಾತ್ರ ಕನ್ನಡದಲ್ಲಿ. ಕನ್ನಡ ಬಾರದವರಿಗೂ ಅವರ ಬೈಗುಳ ಚೆನ್ನಾಗಿ ಅರ್ಥವಾಗುತ್ತಿತ್ತು. ನನ್ನ ಜೊತೆಗೂ ಕನ್ನಡವೇ, ಬೈಗುಳ ಬಿಟ್ಟು.

ಅವರದೊಂದು ಪದ್ಧತಿಯಿತ್ತು. ಯಾರನ್ನೇ ಕೆಲಸಕ್ಕೆ ತೆಗೆದುಕೊಳ್ಳಲಿ, ಮೊದಲು ಆ ಮನೆಗೆ ಹೋಗುವರು. ಮನೆಯವರು ಕೊಟ್ಟದ್ದನ್ನು, ಅಂಬಲಿಯೋ ಮಜ್ಜಿಗೆಯೋ, ಕುಡಿದು ಒಂದೇ ಮಾತು ಹೇಳಿ ಬರುವರು: "ನಾನಿರೋಗಂಟ ಈ ಕೈ ಕೆಲಸ ಇಲ್ದೆ ಕೂರಾಕಿಲ್ಲ." ಸೆಲ್ವಿ ಎಂಬ ಹುಡುಗಿಯನ್ನು ಸೇರಿಸಿಕೊಳ್ಳುವಾಗ ಅಂಚೆಟ್ಟಿ ದಾಟಿ, ಕಾಡಿನ ದಾರಿಯಲ್ಲಿ ಬಸ್ಸು ಬದಲಾಯಿಸಿಕೊಂಡು ನಾಟ್ರಾಂಪಾಳ್ಯದವರೆಗೆ ಹೋಗಿದ್ದರು. ಒಂದು ಫೋನ್ ಮಾಡಿದ್ದರೆ ಆಗುತ್ತಿರಲಿಲ್ಲವೇ ಎಂದೆ. "ಫೋನ್‌ನಾಗೆ ಕೊಟ್ಟ ಮಾತು ಫೋನ್‌ನಾಗೇ ಇರ್ತದೆ ಮೇಡಮ್ಮೋರೆ. ಅವರ ಮನೆ ಅಂಬಲಿ ಕುಡುದ್ರೆ ಒಳಗೇ ಇರ್ತದೆ," ಎಂದು ಹೊಟ್ಟೆ ಮುಟ್ಟಿಕೊಂಡರು.

ಸೆಲ್ವಿಯ ಅಪ್ಪ ಕನ್ನಡ, ಅಮ್ಮ ತಮಿಳು. ಪ್ಲಸ್ ಟೂ ಮುಗಿಸಿ ಬಂದ ಹುಡುಗಿ. ಮೇಸ್ತ್ರಿಯ ಕಿವಿ ಯಾರಿಗಾದರೂ ಬಂದಿದ್ದರೆ ಅದು ಅವಳಿಗೆ. ಎರಡು ವರ್ಷದಲ್ಲಿ ಹಿತ್ತಾಳೆ ಕಡ್ಡಿ ಅವಳ ಕೈಗೆ ಬಂತು. ಅವಳು ಪಾಸು ಎಂದದ್ದನ್ನು ಅವರು ಮತ್ತೆ ಕೇಳುತ್ತಿರಲಿಲ್ಲ.

ಇನ್ನು ಲೆಟರ್ ಓದುವ ವಿಷಯ. ಇದನ್ನು ಸರಿಯಾಗಿ ಹೇಳಬೇಕು.

ದೊಡ್ಡ ಕಂಪನಿಯಿಂದ ಏನು ಬಂದರೂ, ಮುದಲಾಳಿ ನೋಡಿದ ಮೇಲೆ, ನಾನು ಶೆಡ್ಡಿಗೆ ಹೋಗಿ ಮೇಸ್ತ್ರಿಗೆ ಓದಿ ಹೇಳಬೇಕು. ನಾನು ಮೊದಮೊದಲು ನೇರವಾಗಿ ಕನ್ನಡದಲ್ಲಿ ಸಾರಾಂಶ ಹೇಳುತ್ತಿದ್ದೆ. ಅದು ಅವರಿಗೆ ಒಪ್ಪಿಗೆಯಾಗಲಿಲ್ಲ. ಮೊದಲು ಇಂಗ್ಲಿಷು, ಅದು ಹೇಗಿದೆಯೋ ಹಾಗೇ, ಪೂರ್ತಿ. ಆಮೇಲೆ ಕನ್ನಡ. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೂ ಕಣ್ಣು ಮುಚ್ಚಿ ಕೇಳುವರು. ಕೊನೆಯಲ್ಲಿ ನಾನು 'ಯುವರ್ಸ್ ಫೇತ್‌ಫುಲಿ' ಎನ್ನುತ್ತಿದ್ದಂತೆ ಕಣ್ಣು ತೆರೆದು, "ಈಗ ಕನ್ನಡ," ಎನ್ನುವರು. ಕಾನ್ವೆಂಟಿನ ಎಲೊಕ್ಯೂಷನ್ ಕ್ಲಾಸಿನಲ್ಲಿ ಸ್ಪಷ್ಟವಾಗಿ ಓದುವುದನ್ನು ಕಲಿಸಿದ ಸಿಸ್ಟರ್ ಸತ್ತು ಎಷ್ಟೋ ಕಾಲವಾಗಿತ್ತು. ಅವರ ನಂತರ ನನ್ನ ಇಂಗ್ಲಿಷನ್ನು ಅಷ್ಟು ಶ್ರದ್ಧೆಯಿಂದ ಕೇಳಿದವರು ಇವರೊಬ್ಬರೇ. ವಾಕ್ಯದ ತುದಿ ನುಂಗಬಾರದು ಎಂದು ಸಿಸ್ಟರ್ ಹೇಳುತ್ತಿದ್ದರು. ನಾನು ಮೇಸ್ತ್ರಿಯ ಎದುರು ಒಂದು ತುದಿಯನ್ನೂ ನುಂಗುತ್ತಿರಲಿಲ್ಲ. ಒಂದು ದಿನದ ಹೊರತು.

ಅದು ಆಯುಧಪೂಜೆಯ ಹಿಂದಿನ ದಿನ. ನಮ್ಮ ಶೆಡ್ಡಿನಲ್ಲಿ ಆಯುಧಪೂಜೆಗೆ ಒಂದು ಚಂದ ಇತ್ತು. ವರ್ಷದಲ್ಲಿ ಅತ್ಯಂತ ಚೆನ್ನಾಗಿ ಮೊಳಗಿದ ಹದಿನೆಂಟು ಸ್ಲೀವುಗಳನ್ನು ಮೇಸ್ತ್ರಿ ಎತ್ತಿಟ್ಟಿರುತ್ತಿದ್ದರು, ತಲೆಗೊಂದರಂತೆ. ಒಂದೊಂದರಲ್ಲೂ ತಮ್ಮ ತೋಟದ ಸೇವಂತಿಗೆ ತುಂಬಿಸಿ, ಒಬ್ಬೊಬ್ಬರ ಮೆಷಿನ್ನಿನ ಮುಂದೆ ಇಡುವರು. ಹೂದಾನಿಗಳಿಗೆ ಅಂಗಡಿಯಲ್ಲಿ ಏನೇನೋ ಬೆಲೆ ಕೊಡುತ್ತಾರೆ. ಆ ಕಪ್ಪು ಕಬ್ಬಿಣದಲ್ಲಿ ಹಳದಿ ಹೂವು ಕಂಡಷ್ಟು ಚಂದ ನಾನು ಎಲ್ಲೂ ಕಂಡಿಲ್ಲ.

ಆ ಮಧ್ಯಾಹ್ನ ಲೆಟರ್ ಬಂತು. ಪಿನ್ ಹೊಡೆದ ಎರಡು ಹಾಳೆ. ಮೊದಲ ಹಾಳೆಯಲ್ಲಿ ಇಷ್ಟು ವರ್ಷದ ಸಂಬಂಧಕ್ಕೆ ಥ್ಯಾಂಕ್ಸ್, ಮುಂದಿನ ಆರು ತಿಂಗಳಿಗೆ ಎಷ್ಟು ಸ್ಲೀವ್ ಬೇಕು ಎಂಬ ಪಟ್ಟಿ. ಹಿಂದಿಗಿಂತ ಸ್ವಲ್ಪ ಜಾಸ್ತಿಯೇ ಇತ್ತು. ಎರಡನೇ ಹಾಳೆಯಲ್ಲಿ ಬೇರೆ ಮಾತು. ಹೊಗೆ ಕಡಿಮೆ ಮಾಡುತ್ತೇವೆಂದು ದೇಶ ಜಗತ್ತಿನ ಮುಂದೆ ಒಪ್ಪಿಕೊಂಡಿದೆ. ಅದಕ್ಕನುಸಾರ ಕಂಪನಿ ಎಲೆಕ್ಟ್ರಿಕ್ ಗಾಡಿಗಳ ಕಡೆ ಹೊರಳುತ್ತಿದೆ. ನಮ್ಮ ಸ್ಲೀವ್ ಹೋಗುವ ಮಾಡೆಲ್‌ಗಳನ್ನು ಹಂತ ಹಂತವಾಗಿ ಇಳಿಸಿ, ಎರಡು ವರ್ಷದೊಳಗೆ ಪೂರ್ತಿ ನಿಲ್ಲಿಸುತ್ತಾರೆ. ನಮ್ಮ ದಾರಿ ನಾವು ನೋಡಿಕೊಳ್ಳಬೇಕು. ಎಲ್ಲವೂ ತುಂಬ ಪೊಲೈಟ್ ಇಂಗ್ಲಿಷಿನಲ್ಲಿ.

ಎಲೆಕ್ಟ್ರಿಕ್ ಬರುತ್ತದೆ ಎಂಬುದು ಗುಟ್ಟೇನಲ್ಲ. ಕೃಷ್ಣಗಿರಿ ಕಡೆ ದೊಡ್ಡ ದೊಡ್ಡ ಪ್ಲಾಂಟುಗಳು ಎದ್ದಿದ್ದವು, ಹುಡುಗಿಯರು ಬಸ್ಸು ಬಸ್ಸು ತುಂಬಿ ಹೋಗುತ್ತಿದ್ದರು. ಆದರೆ ಪೆಟ್ರೋಲ್ ಗಾಡಿಯೂ ಅದರ ಪಕ್ಕದಲ್ಲಿ ಓಡಿಕೊಂಡಿರುತ್ತದೆ, ನಮ್ಮ ಕಾಲಕ್ಕೇನೂ ಆಗದು ಎಂದು ನಾವೆಲ್ಲ ನೆಮ್ಮದಿಯಾಗಿದ್ದೆವು. ಎಲೆಕ್ಟ್ರಿಕ್ ಸ್ಕೂಟರಿನಲ್ಲಿ ಪಿಸ್ಟನ್ ಇಲ್ಲ. ಪಿಸ್ಟನ್ ಇಲ್ಲ ಎಂದ ಮೇಲೆ ಸ್ಲೀವ್ ಇಲ್ಲ. ನಮ್ಮ ಬಾಗಿಲು ಯಾವಾಗ ಮುಚ್ಚುತ್ತದೆ ಎಂಬುದು ಆ ಎರಡನೇ ಹಾಳೆಯಲ್ಲಿತ್ತು.

ಮುದಲಾಳಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಮೇಸ್ತ್ರಿಗೆ ನೀವೇ ಹೇಳಿಬಿಡಿ, ನನಗೆ ಬಾಯಿ ಬರುವುದಿಲ್ಲ, ಬೇರೆ ಯಾರಿಗೂ ಈಗಲೇ ಬೇಡ, ಹೊತ್ತು ನೋಡಿ ಮೇಸ್ತ್ರಿಯೇ ಹೇಳಲಿ ಎಂದರು. ನಾನು ಶೆಡ್ಡಿಗೆ ಹೋದೆ. ಮೇಸ್ತ್ರಿ ನೆಲದ ಮೇಲೆ ಕೂತು ಸ್ಲೀವುಗಳಿಗೆ ಹೂವು ತುಂಬಿಸುತ್ತಿದ್ದರು. ಸುತ್ತ ಹೆಂಗಸರು, ಮಾವಿನೆಲೆ ತೋರಣ ಕಟ್ಟುತ್ತ, ನಗುತ್ತ. ಅವರು ಅಂಗೈ ಒರೆಸಿಕೊಂಡು ಕಣ್ಣು ಮುಚ್ಚಿದರು. ನಾನು ಮೊದಲ ಹಾಳೆ ಓದಿದೆ. ಅದರ ಕೊನೆಯ ಸಾಲಿಗೆ ಬಂದು ನಿಲ್ಲಿಸಿದೆ, ಹಾಳೆ ಮಗುಚಲಿಲ್ಲ. ಅವರು ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡೇ ಇದ್ದರು. ಆಮೇಲೆ ತೆರೆದು ನನ್ನ ಮುಖ ನೋಡಿದರು. ನಾನು ಕನ್ನಡದಲ್ಲಿ, ಈ ಆರು ತಿಂಗಳು ಸ್ವಲ್ಪ ಜಾಸ್ತಿ ಕೇಳಿದ್ದಾರೆ ಮೇಸ್ತ್ರಿ ಎಂದೆ. "ಸಂತೋಷ," ಎಂದು ಹೂವಿಗೆ ಕೈ ಹಾಕಿದರು.

ಹಬ್ಬ ಕಳೆಯಲಿ ಎಂದುಕೊಂಡೆ. ಹಬ್ಬ ಕಳೆದ ಮೇಲೆ ಅವರ ಹೆಂಡತಿಯ ಕಣ್ಣಿನ ಆಪರೇಷನ್ ಕಳೆಯಲಿ ಎಂದುಕೊಂಡೆ. ಆಮೇಲೆ ಕಾರಣ ಹುಡುಕುವುದನ್ನೂ ಬಿಟ್ಟೆ. ಮುದಲಾಳಿ, ನಾನು ಹೇಳಿದ್ದೇನೆ ಎಂದುಕೊಂಡರು. ಮೇಸ್ತ್ರಿ ಕೇಳಲಿಲ್ಲ. ನಾನು ಅವರನ್ನು ಕಾಪಾಡುತ್ತಿದ್ದೇನೆ ಎಂದು ನನ್ನ ಎಣಿಕೆ. ಅವರ ಹೊಟ್ಟೆಯಲ್ಲಿ ಹದಿನೆಂಟು ಮನೆಗಳ ಅಂಬಲಿ ಇದೆಯಲ್ಲ, ಅದು ಇನ್ನಷ್ಟು ದಿನ ತಣ್ಣಗಿರಲಿ ಎಂದು. ವಾಟ್ ಎ ಫೂಲ್ ಐ ವಾಸ್.

ಆ ಹಬ್ಬದ ನಂತರ ಮೇಸ್ತ್ರಿ ಬದಲಾದರು. ಒಬ್ಬ ಲೇತಿನವನನ್ನು ನಟ್ಟುಬೋಲ್ಟ್ ಮಾಡುವ ಬೇರೊಂದು ಶೆಡ್ಡಿಗೆ ಕೆಲಸಕ್ಕೆ ಕಳಿಸಿದರು. ಇಬ್ಬರು ಗಂಡಸರನ್ನು ಕೃಷ್ಣಗಿರಿಯ ಗ್ರಾನೈಟ್ ಪಾಲಿಶಿಗೆ. ಯಾರಾದರೂ ಹೊರಟರೆ ಭಾನುವಾರ ಅವರ ಮನೆಗೆ ಹೋಗಿ ಬರುತ್ತಿದ್ದರು ಎಂದು ಆಮೇಲೆ ಗೊತ್ತಾಯಿತು. ಜನ ಕಡಿಮೆಯಾದಷ್ಟೂ ಇದ್ದವರ ಮೇಲೆ ಕೆಲಸ. ನಾನೇ ಒಮ್ಮೆ ಸಿಡುಕಿದೆ, ಒಳ್ಳೊಳ್ಳೆಯವರನ್ನೆಲ್ಲ ಓಡಿಸುತ್ತಿದ್ದೀರಲ್ಲ ಮೇಸ್ತ್ರಿ, ಆರ್ಡರ್ ಯಾರು ಮುಗಿಸಬೇಕು ಎಂದು. ಅವರು ನಕ್ಕು, "ಮುಗೀತದೆ ಬುಡಿ," ಎಂದರು.

ಅದೇ ಕಾಲದಲ್ಲಿ ಅವರಿಗೆ ಹೊಸ ಹುಚ್ಚು ಹಿಡಿಯಿತು. ಕೆಟ್ಟು ನಿಂತಿದ್ದ ಒಂದು ಎಲೆಕ್ಟ್ರಿಕ್ ಸ್ಕೂಟರನ್ನು ಎಲ್ಲಿಂದಲೋ ತಂದು ಶೆಡ್ಡಿನ ಮೂಲೆಯಲ್ಲಿ ಬಿಚ್ಚಿ ಹಾಕಿದರು. ಊಟದ ಹೊತ್ತಿಗೆ ನಾನು ಅದರ ಇಂಗ್ಲಿಷ್ ಪುಸ್ತಕ ಓದಬೇಕು, ಎಂದಿನಂತೆ ಎರಡು ಸಲ. ನಲವತ್ತು ದಾಟಿದ ಐದು ಜನ ಹೆಂಗಸರು ಡಬ್ಬಿ ಹಿಡಿದುಕೊಂಡು ಸುತ್ತ ಕೂತಿರುವರು. ಮೊದಲ ದಿನ ಚಕ್ರ ತಿರುಗಿಸಿ ಮೇಸ್ತ್ರಿ ಕಣ್ಣು ಮುಚ್ಚಿ ಕೂತರು. ತೆರೆದಾಗ ಮುಖ ಸಣ್ಣಗಾಗಿತ್ತು. "ಸದ್ದೇ ಇಲ್ವಲ್ಲ ಮೇಡಮ್ಮೋರೆ. ಏನ ಕೇಳಾದು ಇದರಾಗೆ?"

ಒಂದು ವಾರ ಬಿಟ್ಟು ಸದ್ದು ಸಿಕ್ಕಿತು. ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಇಟ್ಟುಕೊಂಡರೆ ಒಳಗಿನ ಬೇರಿಂಗ್ ಹಾಡುವುದು ಕೇಳುತ್ತದೆ. ಸವೆದಿದ್ದರೆ ಗೊರಗೊರ ಎನ್ನುತ್ತದೆ. ಅವರು ಕೂಗಿ ಕರೆದು ನನ್ನ ಕಿವಿಗೂ ಹಿಡಿದರು. ಜೇನುಗೂಡಿನ ಒಳಗಿನಂತೆ ಇತ್ತು. ಐದು ಹೆಂಗಸರಿಗೂ ಅದನ್ನೇ ಕಲಿಸಿದರು.

ಆ ಪುಸ್ತಕದ ಮೊದಲ ಪುಟದಲ್ಲಿ ಹೊಗೆಯಿಲ್ಲದ ನಾಳೆ ಎಂದೇನೋ ಬರೆದಿತ್ತು. ಯಾರು ಇದನ್ನೆಲ್ಲ ಮಾಡಿಸುತ್ತಿರುವುದು ಎಂದು ಕೇಳಿದರು. ದೇಶದೇಶಗಳೆಲ್ಲ ಸಭೆ ಸೇರಿ, ಇಷ್ಟಿಷ್ಟು ಹೊಗೆ ಕಡಿಮೆ ಮಾಡುತ್ತೇವೆ ಎಂದು ಮಾತು ಕೊಟ್ಟಿವೆ, ನಾವೂ ಕೊಟ್ಟಿದ್ದೇವೆ ಎಂದೆ. ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಆಗಲಿಲ್ಲ.

"ದೇಶ ಮಾತು ಕೊಟ್ಮೇಲೆ ನಡಸ್ಬೇಕು," ಎಂದರು. "ತಳಿಯಾಗೆ ಮೊದ್ಲು ಈ ದಿನದಾಗೆ ಕಂಬಳಿ ಇಲ್ದೆ ಹೊರಕ್ಕೆ ಬರಂಗಿರ್ಲಿಲ್ಲ. ಈಗ ಬಿಸ್ಲಿಗೆ ಬೀನ್ಸ್ ಹೂವೆಲ್ಲ ಉದುರಿಹೋಯ್ತದೆ. ಹೊಗೆ ಕಮ್ಮಿ ಆಗ್ಲಿ, ಒಳ್ಳೇದೇ." ಸ್ವಲ್ಪ ಹೊತ್ತು ಸ್ಕ್ರೂಡ್ರೈವರನ್ನು ಬೆರಳ ನಡುವೆ ಉರುಳಿಸಿದರು. "ಆದ್ರೆ ನಾನೂ ಒಂದು ಮಾತು ಕೊಟ್ಟಿವ್ನಲ್ಲ. ದೇಶದ ಮಾತೂ ನಿಲ್ಬೇಕು, ನಂದೂ ನಿಲ್ಬೇಕು."

ನಾನು ಪುಸ್ತಕ ಮಡಚಿ ಎದ್ದೆ. ಆಗಲೂ ಹೇಳಬಹುದಿತ್ತು.

ಊರಾಚೆ ಎಲೆಕ್ಟ್ರಿಕ್ ಮೋಟಾರ್ ಜೋಡಿಸುವ ಒಂದು ಸಣ್ಣ ಶೆಡ್ಡು ಬಂದಿತ್ತು. ಮೇಸ್ತ್ರಿ ಐವರನ್ನೂ ಅಲ್ಲಿಗೆ ಕರೆದುಕೊಂಡು ಹೋದರು. ಅಲ್ಲಿನವರು ವಯಸ್ಸು ನೋಡಿ ಮುಖ ತಿರುಗಿಸಿದರಂತೆ. ಹತ್ತು ಮೋಟಾರ್ ಇಡಿ, ಎರಡರಲ್ಲಿ ಕೆಟ್ಟ ಬೇರಿಂಗ್ ಹಾಕಿ, ಯಾವುದೆಂದು ಹೇಳಬೇಡಿ ಎಂದರಂತೆ ಮೇಸ್ತ್ರಿ. ನಾಲ್ವರು ಹುಡುಕಿದರು, ಕೆಲಸ ಸಿಕ್ಕಿತು. ಐದನೆಯವಳಿಗೆ ಆಗಲಿಲ್ಲ. ನಮ್ಮ ಲೇತುಗಳ ಪಕ್ಕದಲ್ಲೇ ಅಷ್ಟು ವರ್ಷ ನಿಂತು ಅವಳ ಒಂದು ಕಿವಿ ಮಂದವಾಗಿತ್ತು. ಅವಳು ತಳಿಯ ಗುಲಾಬಿ ಶೆಡ್ಡಿಗೆ ಹೂ ಕೊಯ್ಯಲು ಹೋದಳು. ಅವಳ ಮಾತು ಬಂದಾಗಲೆಲ್ಲ ಮೇಸ್ತ್ರಿ ವಿಷಯ ಬದಲಿಸುತ್ತಿದ್ದರು.

ಸೆಲ್ವಿ ಮಾತ್ರ ಜಗ್ಗಲಿಲ್ಲ. ಎಲೆಕ್ಟ್ರಿಕ್ ಪ್ಲಾಂಟಿನವರು ಪ್ಲಸ್ ಟೂ ಓದಿದ ಹುಡುಗಿಯರನ್ನು ತೆಗೆದುಕೊಳ್ಳುತ್ತಿದ್ದರು, ಅದಕ್ಕೂ ವಯಸ್ಸಿನ ಮಿತಿಯಿತ್ತು. ಹೋಗು ಎಂದು ಮೇಸ್ತ್ರಿ ಮೂರು ಸಲ ಹೇಳಿದರು. ಅವಳು ತಮಿಳು ಎಳೆತದ ಕನ್ನಡದಲ್ಲಿ, ನೀವಿರುವವರೆಗೂ ನಾನು ಇಲ್ಲೇ ಮೇಸ್ತ್ರಿ, ಅಲ್ಲಿ ನನ್ನ ಕಿವಿಗೆ ಏನು ಕೆಲಸ ಎಂದು ನಕ್ಕಳು. ಅಪ್ಲಿಕೇಶನ್ನಿಗೆ ಕೊನೆಯ ವಾರ.

ಆ ವಾರದ ಸೋಮವಾರ ಬೆಳಿಗ್ಗೆ ನಾನು ಶೆಡ್ಡಿನ ಬಾಗಿಲಲ್ಲಿದ್ದೆ. ಸೆಲ್ವಿ ಒಂದು ಸ್ಲೀವಿಗೆ ಏಟು ಹಾಕಿದಳು. ಅದು ಮೊಳಗಿತು, ನನ್ನಂಥವಳಿಗೂ ಗೊತ್ತಾಗುವಷ್ಟು ಚೆನ್ನಾಗಿ. ಅವಳು ಚಾಕ್‌ಪೀಸ್ ಎತ್ತಿದಳು. ಮೇಸ್ತ್ರಿ ಬಂದು ಅದನ್ನು ಅವಳ ಬೆರಳಿನಿಂದ ಕಿತ್ತುಕೊಂಡು, ಕೇಳದೆ, ಕಣ್ಣು ಮುಚ್ಚದೆ, ಕೆಂಪು ಪೇಂಟಿನಲ್ಲಿ ಅಡ್ಡಗೆರೆ ಎಳೆದರು.

"ಕಿವಿ ಎಲ್ಲಿಟ್ಟಿದ್ದೀಯಮ್ಮ? ಒಡದ ಮಾಲಿಗೆ ಪಾಸು ಹಾಕ್ತೀಯಾ? ನಾಳೆಯಿಂದ ಬರಬ್ಯಾಡ."

ಸೆಲ್ವಿ ಹಿತ್ತಾಳೆ ಕಡ್ಡಿಯನ್ನು ಬೆಂಚಿನ ಮೇಲೆ ಇಟ್ಟು, ಡಬ್ಬಿ ತೆಗೆದುಕೊಂಡು ಹೋದಳು. ಅಳಲಿಲ್ಲ. ಅವತ್ತಿನಿಂದ ಅವಳು ಮೇಸ್ತ್ರಿಯ ಮುಖ ನೋಡಲಿಲ್ಲ. ಅದೇ ವಾರ ಅವಳಿಗೆ ಪ್ಲಾಂಟಿನಲ್ಲಿ ಕೆಲಸ ಸಿಕ್ಕಿತು. ನಾನು ಆ ಸ್ಲೀವನ್ನು ಸ್ಕ್ರ್ಯಾಪ್ ಡಬ್ಬದಿಂದ ಎತ್ತಿಕೊಂಡು ಬಂದು ನನ್ನ ಮೇಜಿನ ಮೇಲೆ ಪೆನ್ನು ನಿಲ್ಲಿಸಲು ಇಟ್ಟೆ. ಮೇಸ್ತ್ರಿ ಅದನ್ನು ನೋಡಿದರು.

ಮತ್ತೊಂದು ವರ್ಷಕ್ಕೆ ಬಾಗಿಲು ಮುಚ್ಚಿತು. ಕೊನೆಯ ದಿನ ಲೇತುಗಳು ಲಾರಿಗೆ ಏರಿದ ಮೇಲೆ, ನೆಲದಲ್ಲಿ ಅವು ನಿಂತಿದ್ದ ಜಾಗ ಮಾತ್ರ ಎಣ್ಣೆ ಕುಡಿದು ಕಪ್ಪಗೆ ಉಳಿದಿತ್ತು. ಹದಿನೆಂಟು ಜನರಲ್ಲಿ ಒಬ್ಬರೂ ಅವತ್ತು ಅಲ್ಲಿರಲಿಲ್ಲ. ಎಲ್ಲರೂ ಎಲ್ಲೋ ಒಂದು ಕಡೆ ಕೆಲಸದಲ್ಲಿದ್ದರು. ಮೇಸ್ತ್ರಿ ಒಂದು ಸ್ಟೂಲಿನ ಮೇಲೆ, ನಾನು ಇನ್ನೊಂದರ ಮೇಲೆ. ಫೈಲುಗಳನ್ನು ಮೂಟೆ ಕಟ್ಟುವಾಗ ಆ ಲೆಟರ್ ನನ್ನ ಕೈಗೆ ಬಂದಿತ್ತು. ಅದನ್ನು ಅವರ ಮುಂದೆ ಹಿಡಿದೆ. ಮೇಸ್ತ್ರಿ, ಇದರಲ್ಲಿ ನಾನು ಓದದೇ ಬಿಟ್ಟದ್ದು ಒಂದಿದೆ ಎಂದೆ.

"ಗೊತ್ತು," ಎಂದರು.

ಹೇಗೆ ಎಂದೆ. ಯಾರ ಹತ್ತಿರವಾದರೂ ಓದಿಸಿದಿರಾ?

"ಊಂಹೂಂ. ನೀವು ಯಾವ ಲೆಟರ್ ಓದುದ್ರೂ ಕೊನೆಗೆ 'ಯುವರ್ಸ್ ಪೇತ್‌ಪುಲ್ಲಿ' ಅಂತೀರಿ. ಅದು ಬಂದ್ರೆ ಮುಗೀತು ಅಂತ ನನ್ನ ಲೆಕ್ಕ. ಅವತ್ತು ನಾನು ಕಾದೆ. ಅದು ಬರ್ಲೇ ಇಲ್ಲ. ಒಳ್ಳೇ ಸುದ್ದಿ ಆಗಿದ್ರೆ ನೀವ್ಯಾಕೆ ಬಿಡ್ತಿದ್ರಿ? ಬಾಗಿಲು ಮುಚ್ಚೋ ಸುದ್ದೀನೇ ಅಂದ್ಕೊಂಡೆ."

ಹಾಗಾದರೆ ಅವತ್ತೇ ಯಾಕೆ ಕೇಳಲಿಲ್ಲ ಎಂದೆ. ಅವರು ಚಪ್ಪಲಿಯ ತುದಿಯಿಂದ ನೆಲದ ಕಪ್ಪು ಜಾಗವನ್ನು ಉಜ್ಜಿದರು.

"ನೀವು ಹೇಳ್ಬಾರ್ದು ಅಂತ ಬಿಟ್ಟಿದ್ರಿ. ನಾನು ಕೇಳಿದ್ರೆ ನೀವು ಸುಳ್ಳು ಹೇಳ್ಬೇಕಾಯ್ತಿತ್ತು. ನೀವು ಸುಳ್ಳು ಹೇಳೋದ ಕೇಳಕ್ಕೆ ನಂಗೆ ಇಷ್ಟ ಇರ್ಲಿಲ್ಲ ಮೇಡಮ್ಮೋರೆ. ಇನ್ನು ಬಾಕಿಯೋರಿಗೆ ಹೇಳೋಣ ಅಂದ್ರೆ, ಮೇಸ್ತ್ರಿಗೆ ಹೆಂಗ್ ಗೊತ್ತಾಯ್ತು, ಮೇಡಂ ಮುಚ್ಚಿಟ್ರು ಅಂತಾರೆ. ಅದಕ್ಕೆ ಒಬ್ಬೊಬ್ರುನ್ನೇ ದಾಟಿಸ್ದೆ." ಆಮೇಲೆ ಹೇಳಿದರು, "ಆ ಹುಡುಗಿ ಒಬ್ಬಳಿಗೆ ಮಾತ್ರ ಬಾಯಾರೆ ಸುಳ್ಳು ಹೇಳಿದ್ದು. ಅವಳ ಕಿವಿ ಸುಳ್ಳು ಅಂದ್ಬುಟ್ಟೆ. ನ್ಯಾಯ ಅಲ್ಲ. ನಾನು ಹೋಗಿ ಹೇಳುದ್ರೆ ನಂಬಾಕಿಲ್ಲ. ನೀವು ಹೇಳಿ."

ಹೇಳುತ್ತೇನೆ ಎಂದೆ.

"ಈಗ ಓದಿ," ಎಂದರು.

ನಾನು ಎರಡನೇ ಹಾಳೆ ಓದಿದೆ. ಖಾಲಿ ಶೆಡ್ಡಿನಲ್ಲಿ ನನ್ನ ದನಿ ನನಗೇ ದೊಡ್ಡದಾಗಿ ಕೇಳುತ್ತಿತ್ತು. ಅವರು ಕಣ್ಣು ಮುಚ್ಚಿ ಕೂತಿದ್ದರು. ಯುವರ್ಸ್ ಫೇತ್‌ಫುಲಿ ಎಂದಾಗ ಕಣ್ಣು ತೆರೆದರು. "ಈಗ ಮುಗೀತು," ಎಂದು ವೈರ್ ಬ್ಯಾಗ್ ಎತ್ತಿಕೊಂಡು ತಳಿ ಬಸ್ಸಿಗೆ ಹೊರಟರು. ಕನ್ನಡ ಕೇಳಲಿಲ್ಲ.

ತಮಗಾಗಿ ಅವರು ಎಲ್ಲೂ ಕೆಲಸ ನೋಡಿಕೊಂಡಿರಲಿಲ್ಲ. ಬೀನ್ಸಿಗೂ ಸೇವಂತಿಗೆಗೂ ವಾಪಸು ಹೋದರು. ವರ್ಷಕ್ಕೆ ಎರಡು ಸಲ ಬಸ್ಸಿನಲ್ಲಿ ಹೂವು ಕಳಿಸುವರು. ಪ್ರತಿ ಸಲ ಫೋನಿನಲ್ಲಿ, ಸೆಲ್ವಿಗೆ ಹೇಳಿದ್ರಾ ಎನ್ನುವರು. ಅವಳಿಗೆ ಶಿಫ್ಟು, ಸಿಗುತ್ತಿಲ್ಲ ಎನ್ನುವೆ. ಅವಳ ನಂಬರ್ ನನ್ನ ಹತ್ತಿರ ಇತ್ತು. ಹೇಳಬೇಕೆಂದರೆ ನನ್ನ ಹೇಡಿತನದಿಂದಲೇ ಶುರು ಮಾಡಬೇಕಿತ್ತು. ನಾನು ಮತ್ತೆ ಅದೇ ಮಾಡಿದೆ, ಒಂದು ಹಾಳೆ ಮಗುಚದೇ ಬಿಟ್ಟೆ. ಈ ಸಲ ಅವರು ಕಾಯಲಿಲ್ಲ.

ಹನ್ನೊಂದನೆಯ ದಿನ ಅವರ ಮನೆಗೆ ಹೋಗಿದ್ದೆ. ಸೆಲ್ವಿ ಒಬ್ಬಳನ್ನು ಬಿಟ್ಟು ಹದಿನೇಳು ಜನ ಬಂದಿದ್ದರು. ಗುಲಾಬಿ ಶೆಡ್ಡಿನವಳೂ ಬಂದಿದ್ದಳು. ಅಲ್ಲಿಂದಲೇ, ಜಗಲಿಯ ಮೇಲೆ ಅವರು ಒರಗಿದ್ದ ಗೋಡೆಯ ಪಕ್ಕದಲ್ಲಿ ನಿಂತು ಸೆಲ್ವಿಗೆ ಫೋನ್ ಮಾಡಿದೆ.

ಮೊನ್ನೆ ಭಾನುವಾರ ಅವಳು ಅವಲಪಲ್ಲಿಗೆ ಬಂದಳು, ತನ್ನದೇ ಎಲೆಕ್ಟ್ರಿಕ್ ಸ್ಕೂಟರಿನಲ್ಲಿ. ಬಂದದ್ದು ನನಗೆ ಕೇಳಿಸಲೇ ಇಲ್ಲ. ಬಾಗಿಲಲ್ಲಿ ನಿಂತು, "ಚೆನ್ನಾಗಿದೀರಾ ಮೇಡಂ," ಎಂದಳು. ಕೂದಲನ್ನು ಎತ್ತಿ ಕಟ್ಟಿದ್ದಳು. ಈಗ ಪ್ಲಾಂಟಿನಲ್ಲಿ ಅವಳ ಕೈಕೆಳಗೆ ಹನ್ನೆರಡು ಹುಡುಗಿಯರಂತೆ. ಕಾಫಿ ಕೊಟ್ಟು, ಎಲ್ಲವನ್ನೂ ಹೇಳಿದೆ. ನನ್ನಿಂದಲೇ ಶುರು ಮಾಡಿದೆ. ಆಮೇಲೆ ಲೆಟರ್ ತೆಗೆದು ಎರಡು ಹಾಳೆಯನ್ನೂ ಓದಿದೆ, ಕೊನೆಯ ಯುವರ್ಸ್ ಫೇತ್‌ಫುಲಿವರೆಗೆ. ನಂತರ ಕನ್ನಡದಲ್ಲಿ. ಅವಳು ಲೋಟ ಕೆಳಗಿಟ್ಟು ಕೇಳಿದಳು.

"ಸಾವಿಗೆ ಬರ್ಲಿಲ್ಲ ನಾನು," ಎಂದಳು.

ಅದು ನನ್ನ ತಪ್ಪು ಎಂದೆ.

ಪೆನ್ನುಗಳನ್ನು ಮೇಜಿನ ಮೇಲೆ ಸುರಿದು, ಆಫೀಸಿನಿಂದ ಮನೆಗೆ ತಂದುಕೊಂಡಿದ್ದ ಆ ಸ್ಲೀವನ್ನು ಅವಳ ಮುಂದೆ ಇಟ್ಟೆ. ಅವಳಿಗೆ ತಕ್ಷಣ ಗುರುತು ಸಿಕ್ಕಿತು. ಎಡಗೈ ತೋರುಬೆರಳಿಗೆ ತೂಗುಹಾಕಿಕೊಂಡಳು. ಹಿತ್ತಾಳೆ ಕಡ್ಡಿ ಇಲ್ಲ. ಕಾಫಿ ಚಮಚ ತೆಗೆದುಕೊಂಡು ಮೆತ್ತಗೆ ಒಂದು ಏಟು ಹಾಕಿ ಕಣ್ಣು ಮುಚ್ಚಿದಳು. ನಾದ ನನ್ನ ಸಣ್ಣ ಕೋಣೆಯನ್ನು ತುಂಬಿ, ಕಿಟಕಿ ದಾಟಿ ಹೋಗಿ, ಎಲ್ಲೋ ಮುಗಿಯಿತು. ಮುಗಿದ ಮೇಲೂ ಅವಳು ಬಹಳ ಹೊತ್ತು ಕಣ್ಣು ತೆರೆಯಲಿಲ್ಲ. ರೆಪ್ಪೆಯ ಕೆಳಗಿನಿಂದ ನೀರು ಇಳಿಯುತ್ತಿತ್ತು.

ನಾನು ಹಳೆಯ ಬಟ್ಟೆಯನ್ನೂ ಸ್ವಲ್ಪ ಸೀಮೆಎಣ್ಣೆಯನ್ನೂ ತಂದೆ. ಕೆಂಪು ಗುರುತನ್ನು ಒರೆಸಿಬಿಡೋಣ, ಇದು ಯಾವತ್ತೂ ಪಾಸೇ ಆಗಿತ್ತಲ್ಲ ಎಂದೆ. ಸೆಲ್ವಿ ಸ್ಲೀವನ್ನು ಎದೆಗೆ ಹಿಡಿದುಕೊಂಡು ಹಿಂದೆ ಸರಿದಳು.

"ಬೇಡ ಮೇಡಂ. ಅದು ಮೇಸ್ತ್ರಿ ಕೈ ಗುರುತು."

ಅದರ ಧೂಳನ್ನು ದುಪಟ್ಟಾದಿಂದ ಒರೆಸಿ ಸ್ಕೂಟರಿನ ಸೀಟಿನ ಕೆಳಗೆ ಇಟ್ಟುಕೊಂಡಳು. ಗೇಟಿನವರೆಗೂ ಹೋಗಿ ಅವಳನ್ನು ಕಳಿಸಿದೆ. ರಸ್ತೆಯ ತಿರುವಿನಲ್ಲಿ ಒಂದು ಗುಂಡಿಯಿದೆ. ಸದ್ದಿಲ್ಲದ ಆ ಗಾಡಿ ಅದರಲ್ಲಿ ಇಳಿದು ಹತ್ತಿದಾಗ, ಸೀಟಿನ ಕೆಳಗಿನಿಂದ ಒಂದೇ ಒಂದು ಸಲ, ಮೆತ್ತಗೆ, ಅದು ಮೊಳಗಿತು.